ಊರು ಮತ್ತು ಶಾಲೆ: ಮಲೆನಾಡಿನ ಮುಖ್ಯ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ, ಕೊನೆಗೆ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು ನಾನು. ಈಗಲೂ ವಾರಕ್ಕೆ ಎರಡು ಮೂರು ಫೋನ್ ಬರುತ್ತವೆ. ಹೆಚ್ಚಿನವು ಹೊಸದಾಗಿ ಹೆಡ್ ಮೇಷ್ಟ್ರೋ ಹೆಡ್ ಟೀಚರೋ ಆದವರದ್ದು. ಪಾಠದ ಬಗ್ಗೆ ಕೇಳುವವರು ಕಡಿಮೆ. ಊರಿನವರ ಜೊತೆ ಹೇಗೆ ಅನ್ನುವುದೇ ಎಲ್ಲರ ಚಿಂತೆ. ತರಬೇತಿಗಳಲ್ಲಿ ಚೀಟಿ ಬರೆದು ಕೊಟ್ಟ ಪ್ರಶ್ನೆಗಳನ್ನೂ ಸೇರಿಸಿ, ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಆಮೇಲೆ.

## ಶುರುವಿನಲ್ಲಿ

“ಸಮುದಾಯ, ಸಮುದಾಯ ಅಂತಾರಲ್ಲ ಟೀಚರ್, ನಮ್ಮ ಕಡೆ ಅದು ಎಲ್ಲಿದೆ?”

ಬಯಲುಸೀಮೆಯಲ್ಲಿ ಊರು ಒಂದೇ ಕಡೆ ಸಿಗುತ್ತದೆ. ಅರಳಿಕಟ್ಟೆ ಹತ್ತಿರ ನಿಂತು ಕೂಗಿದರೆ ಅರ್ಧ ಊರಿಗೆ ಕೇಳಿಸುತ್ತದೆ. ನಮ್ಮಲ್ಲಿ ತೋಟಕ್ಕೊಂದು ಮನೆ, ಗುಡ್ಡದ ಆಚೆ ಇನ್ನೊಂದು. ಇಪ್ಪತ್ತು ಮಕ್ಕಳಿರುವ ಶಾಲೆಗೆ ಆರೇಳು ಮಜರೆಗಳಿಂದ ಮಕ್ಕಳು ಬರುತ್ತಾರೆ. ಹಾಗಾಗಿ ಜನ ಎಲ್ಲಿ ಸೇರುತ್ತಾರೋ ಅಲ್ಲಿಗೆ ನಾವೇ ಹೋಗಬೇಕು. ಬೆಳಿಗ್ಗೆ ಹಾಲಿನ ಡೈರಿ, ರೇಷನ್ ಕೊಡುವ ದಿನ ಸೊಸೈಟಿ, ವಾರದ ಸಂತೆ, ಬಸ್ಸಿಗೆ ಕಾಯುವ ಕಟ್ಟೆ. ತುಮರಿ ಕಡೆ ಕೆಲಸ ಮಾಡಿದವರಿಗೆ ಲಾಂಚ್ ಇತ್ತು. ಶರಾವತಿ ಹಿನ್ನೀರು ದಾಟುವಷ್ಟು ಹೊತ್ತು ಮೇಷ್ಟ್ರು, ಪೋಷಕರು, ಆಶಾ ಕಾರ್ಯಕರ್ತೆ ಎಲ್ಲ ಒಂದೇ ಕಡೆ ನಿಂತಿರುತ್ತಿದ್ದರು. ಯಾವ ಹುಡುಗ ಯಾಕೆ ಬರುತ್ತಿಲ್ಲ ಅನ್ನುವುದು ಅಲ್ಲೇ ತಿಳಿಯುತ್ತಿತ್ತು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಯಿತು. ಆಗಲೇಬೇಕಿತ್ತು, ಎಷ್ಟು ವರ್ಷದ ಕಷ್ಟ ಅದು. ಆದರೆ ಆ ಹರಟೆ ಹೋಯಿತು ಅಂತ ಅಲ್ಲಿನ ಒಬ್ಬ ಟೀಚರ್ ನನ್ನ ಹತ್ತಿರ ಹೇಳಿಕೊಂಡರು.

“ಹೊಸದಾಗಿ ಹೆಡ್ ಆಗಿ ಬಂದಿದ್ದೇನೆ. ಮೊದಲ ತಿಂಗಳು ಏನು ಮಾಡಲಿ?”

ಮನೆ ಮನೆಗೆ ಹೋಗಿ. ಏನನ್ನೂ ಕೇಳಬೇಡಿ. ದುಡ್ಡು, ಸಹಿ, ಆಧಾರ್ ಕಾಪಿ, ಯಾವುದೂ ಬೇಡ. ಮೊದಲ ಭೇಟಿಯಲ್ಲಿ ಮಗುವಿನ ಬಗ್ಗೆ ಒಂದು ಒಳ್ಳೆ ಮಾತು ಹೇಳಿ ಬಂದರೆ ಸಾಕು.

ಇದನ್ನು ನಾನು ಕಲಿತದ್ದು ಒಂದು ಅಡಿಕೆ ಸುಲಿಯುವ ಚಪ್ಪರದಲ್ಲಿ. ಕೊಯ್ಲಿನ ಸಮಯ, ರಾತ್ರಿ ಎಂಟು ಗಂಟೆ. ಎಂಟು ಹತ್ತು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿದ್ದರು. ಸುಲಿದದ್ದಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ, ಹಾಗಾಗಿ ಯಾರೂ ತಲೆ ಎತ್ತುವುದಿಲ್ಲ. ನನ್ನನ್ನು ನೋಡಿದ ಕೂಡಲೇ ನಾಲ್ಕನೇ ಕ್ಲಾಸಿನ ಹುಡುಗನ ಅಮ್ಮನ ಮುಖ ಸಣ್ಣದಾಯಿತು. “ಅಕ್ಕೋರೆ, ನಮ್ಮನೆ ಮಾಣಿ ಏನು ತಪ್ಪು ಮಾಡ್ದ?” ಅಂದರು. “ಏನಿಲ್ಲಮ್ಮ, ಅವನು ಚಿತ್ರ ಚೆನ್ನಾಗಿ ಬರೀತಾನೆ, ಹೇಳಿ ಹೋಗೋಣ ಅಂತ ಬಂದೆ” ಅಂದೆ. ಅವರ ಕೈ ನಿಂತಿತು. ಪಕ್ಕದಲ್ಲಿದ್ದವರು “ಅಷ್ಟಕ್ಕೇ ಇಷ್ಟು ದೂರ ಬಂದ್ರಾ?” ಅಂತ ನಕ್ಕರು. ಚೊಗರು ಹತ್ತಿ ಕಪ್ಪಾಗಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರು ನನಗೆ ಕೂರಲು ಒಂದು ಗೋಣಿ ಹಾಸಿದರು. ಮುಂದಿನ ವರ್ಷ ಶಾಲೆಯ ಸಮಿತಿಗೆ ನಿಲ್ಲುತ್ತೇನೆ ಅಂತ ತಾವಾಗಿ ಬಂದವರು ಅವರೇ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಮನೆಗೆ ಯಾವ ದಾರಿ, ಮಳೆಗಾಲದಲ್ಲಿ ಎಲ್ಲಿ ಹಳ್ಳ ತುಂಬುತ್ತದೆ, ಯಾರ ಮನೆಯಲ್ಲಿ ಓದಲು ಬರುವವರು ಇದ್ದಾರೆ, ಯಾರ ಮನೆಯಲ್ಲಿ ನಾಯಿ ಕಟ್ಟಿರುವುದಿಲ್ಲ. ಎಲ್ಲ ಬರೆಯಿರಿ.

“ಎಸ್‌ಡಿಎಂಸಿ ಅಂದ್ರೆ ನಿಜವಾಗಿ ಏನು? ಯಾರಿರಬೇಕು?”

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಮ್ಮ ರಾಜ್ಯದಲ್ಲಿ 2001ರಲ್ಲಿ ಶುರುವಾಯಿತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆ ತಾಯಿ ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಸಿಗಬೇಕು. ಅಧ್ಯಕ್ಷರು ಪೋಷಕರಲ್ಲಿ ಒಬ್ಬರು. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಅಂದರೆ ನೀವು ನಡಾವಳಿ ಬರೆಯುವವರು, ಯಜಮಾನರಲ್ಲ. ಇಷ್ಟು ನೆನಪಿದ್ದರೆ ಅರ್ಧ ಜಗಳ ತಪ್ಪುತ್ತದೆ.

ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದೂ ಇದೇ ಸಮಿತಿಯ ಕೆಲಸ. ಅದು 22ನೇ ಸೆಕ್ಷನ್‌ನಲ್ಲಿದೆ. ಎಷ್ಟೋ ಕಡೆ ಹೆಡ್ ಒಬ್ಬರೇ ರಾತ್ರಿ ಕೂತು ಹೋದ ವರ್ಷದ್ದನ್ನೇ ನಕಲು ಮಾಡಿ ಸಹಿ ಹಾಕಿಸುತ್ತಾರೆ. ನಾನೂ ಒಂದು ಸಲ ಹಾಗೆ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

“ಮೀಟಿಂಗ್ ಕರೆದ್ರೆ ಯಾರೂ ಬರಲ್ಲ. ನಮ್ಮೂರ ಜನಕ್ಕೆ ಆಸಕ್ತಿನೇ ಇಲ್ಲ ಅನ್ಸುತ್ತೆ.”

ಎಷ್ಟು ಗಂಟೆಗೆ ಕರೆದಿರಿ ಅನ್ನುವುದು ನನ್ನ ಮೊದಲ ಪ್ರಶ್ನೆ. ಮಧ್ಯಾಹ್ನ ಮೂರು ಗಂಟೆ ನಮಗೆ ಅನುಕೂಲ, ಕೂಲಿಗೆ ಹೋದವರಿಗೆ ಅರ್ಧ ದಿನದ ಸಂಬಳ ಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ನಾಟಿ. ಅಕ್ಟೋಬರ್ ಕಳೆದ ಮೇಲೆ ಅಡಿಕೆ ಗೊನೆ ಕೊಯ್ಲು, ಬೇಯಿಸುವುದು, ಒಣಗಿಸುವುದು. ಆ ತಿಂಗಳುಗಳಲ್ಲಿ ದೊಡ್ಡ ಸಭೆ ಇಡಲೇಬೇಡಿ.

ಒಂದು ವರ್ಷ ನಾನು ಕೊಯ್ಲಿನ ನಡುವೆ ಸಭೆ ಕರೆದೆ. ಮೂವರು ಬಂದರು. ಸಿಟ್ಟು ಬಂದು ಜವಾಬ್ದಾರಿ, ಗಿವಾಬ್ದಾರಿ ಅಂತ ಇಪ್ಪತ್ತು ನಿಮಿಷ ಮಾತಾಡಿದೆ. ಒಬ್ಬರು ನಿಧಾನಕ್ಕೆ ಎದ್ದು, “ಟೀಚರ್, ಬಾರದವರಿಗೆ ಬೈಯೋದನ್ನ ಬಂದವರಿಗೆ ಬೈತಿದೀರಲ್ಲ” ಅಂದರು. ಆವತ್ತಿನಿಂದ ಸಭೆಯ ದಿನವನ್ನು ಪೋಷಕರೇ ಹೇಳಲಿ ಅಂತ ಬಿಟ್ಟೆ. ಅವರು ಆರಿಸಿದ್ದು ಭಾನುವಾರ ಬೆಳಿಗ್ಗೆ. ನನ್ನ ರಜೆ ಹೋಯಿತು, ಜನ ಬಂದರು.

ಇನ್ನೊಂದು ವಿಷಯ. ಒಂದೇ ದೊಡ್ಡ ಸಭೆಯ ಬದಲು ಮಜರೆಗೊಂದು ಸಣ್ಣ ಸಭೆ, ಯಾರದ್ದಾದರೂ ಜಗಲಿಯಲ್ಲಿ, ಮುಕ್ಕಾಲು ಗಂಟೆ. ಎಲ್ಲರೂ ಹೋಗಲು ಮುಜುಗರಪಡದ ಜಗಲಿ ಆಗಿರಬೇಕು ಅಷ್ಟೆ. ಇಲ್ಲದಿದ್ದರೆ ಕೆಲವರು ಅಂಗಳದಲ್ಲೇ ನಿಲ್ಲುತ್ತಾರೆ. ಯಾಕೆ ಅಂತ ನಿಮಗೂ ಗೊತ್ತು.

## ದಿನದ ವ್ಯವಹಾರ

“ಅಮ್ಮಂದಿರು ಬರ್ತಾರೆ, ಆದ್ರೆ ಬಾಯೇ ಬಿಡಲ್ಲ.”

ಗಂಡಸರ ಎದುರು, ಊರ ದೊಡ್ಡವರ ಎದುರು ಹೇಗೆ ಬಿಡುತ್ತಾರೆ? ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಹೋಗಿ ಕೂತು ನೋಡಿ. ಅಲ್ಲಿ ಅವರೇ ಲೆಕ್ಕ ಬರೆಯುತ್ತಾರೆ, ಸಾಲ ಕೊಡಬೇಕೋ ಬೇಡವೋ ಅಂತ ಗಲಾಟೆ ಮಾಡುತ್ತಾರೆ. ಶಾಲೆಯಲ್ಲಿ ಮೂಕರಾಗಿರುವವರು ಇವರೇನಾ ಅನ್ನಿಸುತ್ತದೆ. ನಾನು ಶೌಚಾಲಯದ ವಿಷಯವನ್ನು ಮೊದಲು ಅಲ್ಲಿ ಎತ್ತಿದೆ. ಹತ್ತು ನಿಮಿಷದಲ್ಲಿ ಬಾಗಿಲಿನ ಚಿಲಕ, ನೀರಿನ ಬಕೆಟ್, ದೊಡ್ಡ ಹುಡುಗಿಯರ ತೊಂದರೆ ಎಲ್ಲ ಹೊರಗೆ ಬಂತು. ಆಮೇಲೆ ಸಮಿತಿಯ ಸಭೆಯಲ್ಲಿ ಅವರಲ್ಲಿ ಇಬ್ಬರು ಒಟ್ಟಿಗೆ ಎದ್ದು ಮಾತಾಡಿದರು.

“ಮಳೆ ಜೋರಾದ್ರೆ ಮಕ್ಕಳನ್ನ ಕಳಿಸೋದೇ ಇಲ್ಲ. ಹಾಜರಿಗೆ ಏನು ಮಾಡ್ಲಿ?”

ಕಳಿಸದಿದ್ದರೆ ತಪ್ಪಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. ಹಳ್ಳ ತುಂಬಿದಾಗ ಅಡಿಕೆ ಮರದ ಕಾಲುಸಂಕದ ಮೇಲೆ ಆರು ವರ್ಷದ ಮಗು ಕೊಡೆ ಹಿಡಿದು ದಾಟಲಿ ಅಂತ ನಾವು ಹೇಳುವ ಹಾಗಿಲ್ಲ. ರಜೆಯ ಆದೇಶ ಮೇಲಿನಿಂದ ಬರುವಷ್ಟರಲ್ಲಿ ದೂರದ ಮಕ್ಕಳು ಮನೆ ಬಿಟ್ಟಾಗಿರುತ್ತದೆ. ಹಾಗಾಗಿ ಪ್ರತಿ ಹಳ್ಳಕ್ಕೆ ಒಬ್ಬರನ್ನು ಹಿಡಿದಿಟ್ಟುಕೊಳ್ಳಿ. ಹಳ್ಳದ ಪಕ್ಕದ ಮನೆಯವರೇ ಆಗಬೇಕು. “ಗುರುತಿನ ಕಲ್ಲು ಮುಳುಗಿದೆ” ಅಂತ ಅವರು ಒಂದು ಫೋನ್ ಮಾಡಿದರೆ ಆ ಕಡೆಯ ಮಕ್ಕಳು ಆವತ್ತು ಬರಬೇಕಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಮೊದಲೇ ಮಾತಾಗಿರಬೇಕು: ಕಲ್ಲು ಕಾಣದಿದ್ದರೆ ಬರಬೇಡಿ. ತಪ್ಪಿದ ಪಾಠವನ್ನು ಶನಿವಾರ ಮಧ್ಯಾಹ್ನ ಮಾಡಿಕೊಳ್ಳಬಹುದು.

ಒದ್ದೆ ಬಟ್ಟೆಗೆ ಶಾಲೆಯಲ್ಲಿ ಒಂದು ಹಗ್ಗ ಕಟ್ಟಿ, ಹಳೆ ಟವೆಲ್‌ಗಳನ್ನು ಇಡಿ. ಕಾಲಿನ ಉಂಬಳ (ಜಿಗಣೆ) ಬಿಡಿಸಲು ಉಪ್ಪಿನ ಡಬ್ಬಿಯೂ ಇರಲಿ. ಇದನ್ನು ನೋಡಿದ ಅಮ್ಮಂದಿರು ಅರ್ಧ ಮಳೆಯಲ್ಲಿ ಧೈರ್ಯವಾಗಿ ಕಳಿಸುತ್ತಾರೆ.

“ಕೂಲಿಗೆ ಬಂದವರ ಮಕ್ಕಳಿಗೆ ಟಿಸಿನೂ ಇಲ್ಲ, ಜನ್ಮ ದಾಖಲೆನೂ ಇಲ್ಲ. ಸೇರಿಸಿಕೊಳ್ಳಬಹುದಾ?”

ಸೇರಿಸಿಕೊಳ್ಳಲೇಬೇಕು. ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸಬಾರದು, ಟಿಸಿ ತಡವಾಯಿತು ಅಂತಲೂ ತಡೆಯಬಾರದು. ವಯಸ್ಸಿಗೆ ತಕ್ಕ ತರಗತಿಗೆ ಹಾಕಿ. ಎಲ್ಲ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಡಿಕೆ ಕೆಲಸಕ್ಕೆ ಬಂದವರ ಶೆಡ್‌ಗಳಲ್ಲಿ ಇಂಥ ಮಕ್ಕಳು ಇದ್ದೇ ಇರುತ್ತಾರೆ. ಅಪ್ಪ ಅಮ್ಮನ ಜೊತೆಗೇ ತೋಟದ ಮಾಲೀಕರ ಹತ್ತಿರವೂ ಒಂದು ಮಾತು ಹೇಳಬೇಕು. ಬೈದು ಹೇಳಿದರೆ ಆಗುವುದಿಲ್ಲ. “ಹೆಗಡೇರೆ, ನಿಮ್ಮ ತೋಟದ ಮಕ್ಕಳು ನಾಳೆಯಿಂದ ಶಾಲೆಗೆ ಬರ್ತವೆ ಅಲ್ವಾ?” ಅಂತ ನಾಲ್ಕು ಜನರ ಎದುರು ಕೇಳಿ. ಇಲ್ಲ ಅನ್ನುವುದು ಅವರಿಗೂ ಕಷ್ಟ.

“ಶಾಲೆಗೆ ದುಡ್ಡು ಕೇಳೋದು ಹೇಗೆ? ಕೇಳಬಹುದಾ?”

ಕೇಳಬಹುದು, ವಸೂಲಿ ಮಾಡಬಾರದು. 2022ರ ಅಕ್ಟೋಬರ್‌ನಲ್ಲಿ ಪೋಷಕರು ತಿಂಗಳಿಗೆ 100 ರೂಪಾಯಿ ಸ್ವಇಚ್ಛೆಯಿಂದ ಕೊಡಬಹುದು ಅಂತ ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು. ಜನ ಸಿಟ್ಟಾದರು, ಕೆಲವೇ ದಿನದಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಸ್ವಇಚ್ಛೆ ಅಂತ ಬರೆದಿದ್ದರೂ ತಿಂಗಳ ಲೆಕ್ಕ ಬಂದ ಕೂಡಲೇ ಅದು ಫೀಸಿನ ಹಾಗೆ ಕಾಣುತ್ತದೆ.

ನನ್ನ ಅನುಭವದಲ್ಲಿ ವಸ್ತು ಕೇಳುವುದು ಸುಲಭ. ಒಂದು ಲೋಡ್ ಜಲ್ಲಿ, ಹತ್ತು ಬಿದಿರು, ಒಂದು ದಿನದ ಜೀಪು, ಶ್ರಮದಾನ. ದುಡ್ಡೇ ಬೇಕಾದರೆ ಒಂದು ಕೆಲಸಕ್ಕೆ ಒಂದು ಸಲ ಕೇಳಿ. ಅಧ್ಯಕ್ಷರು ಮತ್ತು ನಿಮ್ಮ ಜಂಟಿ ಖಾತೆಗೇ ಬರಲಿ, ಐವತ್ತು ರೂಪಾಯಿಗೂ ರಸೀದಿ ಕೊಡಿ. ಗೋಡೆಗೆ ಬಣ್ಣ ಹೊಡೆಸಿದ ವರ್ಷ ಬಿಲ್ಲುಗಳನ್ನು ಒಂದು ರಟ್ಟಿಗೆ ಅಂಟಿಸಿ, ಮಕ್ಕಳ ಚಪ್ಪಲಿ ಬಿಡುವ ಜಾಗದ ಮೇಲೆ ತೂಗು ಹಾಕಿದೆ. ಕೊನೆಯಲ್ಲಿ ಕೆಂಪು ಪೆನ್ನಿನಲ್ಲಿ “ಉಳಿದದ್ದು 340 ರೂಪಾಯಿ” ಅಂತ ಬರೆದಿದ್ದೆ. ಜನ ಬಣ್ಣ ನೋಡಲಿಲ್ಲ, ಆ 340 ನೋಡಿದರು. ಅದರಲ್ಲಿ ಏನು ತರಬೇಕು ಅಂತ ಒಂದು ವಾರ ಚರ್ಚೆ ನಡೆಯಿತು. ಕೊನೆಗೆ ಎರಡು ಸ್ಕಿಪ್ಪಿಂಗ್ ಹಗ್ಗ, ಒಂದು ಗಡಿಯಾರ ಬಂತು.

ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವಾಗ ಸ್ವಲ್ಪ ಹುಷಾರು. ಕೊಡಲು ಆಗದವರ ಮಕ್ಕಳೂ ಅಲ್ಲೇ ಕೂತಿರುತ್ತಾರೆ.

“ಬಿಸಿಯೂಟದ ವಿಷಯಕ್ಕೆ ಊರಲ್ಲಿ ಗೊಣಗಾಟ. ಅಡುಗೆಯವರನ್ನ ಬದಲಾಯಿಸಿ ಅಂತಾರೆ.”

ಯಾಕೆ ಅಂತ ಮೊದಲು ಕೇಳಿ. ಅನ್ನ ಬೆಂದಿಲ್ಲ, ಸಾರಲ್ಲಿ ತರಕಾರಿ ಇಲ್ಲ ಅಂದರೆ ಅದು ದೂರು. ಅವರನ್ನೇ ಕರೆದು ರುಚಿ ನೋಡಿಸಿ, ತಾಯಂದಿರ ಸರದಿ ಮಾಡಿ, ದಿನಕ್ಕೊಬ್ಬರು ಬಂದು ಉಂಡು ಪುಸ್ತಕದಲ್ಲಿ ಬರೆಯಲಿ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ, ಅದಕ್ಕೆ ತಕರಾರು ಬೇಕಿಲ್ಲ.

ಅಡುಗೆಯವರ ಜಾತಿ ಕಾರಣವಾದರೆ ಮಾತುಕತೆಯ ವಿಷಯವೇ ಅಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ, ಅದನ್ನು ಆಚರಿಸುವುದು ಅಪರಾಧ. ಸಮುದಾಯದ ಮಾತು ಕೇಳಬೇಕು ಅಂತ ಹೇಳುವ ನಾನೇ ಇಲ್ಲಿ ಕೇಳಬೇಡಿ ಅನ್ನುತ್ತೇನೆ. ಒಂದು ಶಾಲೆಯಲ್ಲಿ ನಾಲ್ಕು ಮಕ್ಕಳು ಮನೆಯಿಂದ ಡಬ್ಬಿ ತರಲು ಶುರು ಮಾಡಿದರು. ನಾನು ಭಾಷಣ ಮಾಡಲಿಲ್ಲ. ದಿನಾ ಮಕ್ಕಳ ಸಾಲಿನಲ್ಲೇ ಕೂತು, ಅದೇ ಅಮ್ಮ ಬಡಿಸಿದ ಅನ್ನ ಉಂಡೆ. ಪೋಷಕರ ಹತ್ತಿರ ಮಾತ್ರ ನೇರವಾಗಿ, ಅಡುಗೆಯವರು ಬದಲಾಗುವುದಿಲ್ಲ ಅಂದೆ. ಎರಡು ಡಬ್ಬಿ ಒಂದು ತಿಂಗಳಲ್ಲಿ ನಿಂತವು. ಉಳಿದೆರಡು ಡಬ್ಬಿ ವರ್ಷ ಪೂರ್ತಿ ಬಂದವು.

“ವಾಟ್ಸಾಪ್ ಗ್ರೂಪ್ ಇದೆಯಲ್ಲ, ಸಾಲದಾ?”

ರಜೆ ಹೇಳಲು ಸಾಕು. ಬೇರೆ ಯಾವುದಕ್ಕೂ ಸಾಲದು. 2020ರಲ್ಲಿ ಶಾಲೆ ಮುಚ್ಚಿದಾಗ ವಿದ್ಯಾಗಮ ಅಂತ ನಾವೇ ಮಕ್ಕಳಿದ್ದಲ್ಲಿಗೆ ಹೋದೆವು, ದೇವಸ್ಥಾನದ ಜಗಲಿ, ಕಣ, ಮರದಡಿ. ಅಷ್ಟು ವರ್ಷ ಗ್ರೂಪಿನಲ್ಲಿ ಕೈಮುಗಿಯುವ ಚಿತ್ರ ಮಾತ್ರ ಹಾಕುತ್ತಿದ್ದ ಒಬ್ಬ ಅಪ್ಪನಿಗೆ ಓದಲು ಬರುವುದಿಲ್ಲ ಅಂತ ಗೊತ್ತಾಗಿದ್ದು ಆಗ.

## ಕಷ್ಟದ ಪ್ರಶ್ನೆಗಳು

“ಸಮಿತಿಯಲ್ಲಿ ಪಾರ್ಟಿ ರಾಜಕೀಯ. ನಾನು ಯಾವ ಕಡೆ ಇರ್ಲಿ?”

ನಡಾವಳಿ ಪುಸ್ತಕದ ಕಡೆ. ಹೇಳಿದ್ದನ್ನು ಹೇಳಿದ ಹಾಗೆ ಬರೆಯಿರಿ, ಅಲ್ಲೇ ಓದಿ ಹೇಳಿ, ಅಲ್ಲೇ ಸಹಿ ಹಾಕಿಸಿ. ಮನೆಗೆ ಪುಸ್ತಕ ಕಳಿಸಿ ಸಹಿ ತರಿಸಬೇಡಿ. ಎರಡೂ ಪಾರ್ಟಿಯವರ ಮನೆಯ ಮದುವೆಗೆ ಹೋಗಿ, ಇಬ್ಬರ ಮನೆಯಲ್ಲೂ ಊಟ ಮಾಡಿ. ಒಂದು ಕಡೆ ಮಾತ್ರ ಉಂಡರೆ ಮುಗಿಯಿತು.

“ಪಂಚಾಯಿತಿಯಿಂದ ಕೆಲಸ ತೆಗೆಸೋದು ಹೇಗೆ? ಅರ್ಜಿ ಕೊಟ್ಟು ಕೊಟ್ಟು ಸಾಕಾಯ್ತು.”

ಅರ್ಜಿಯನ್ನು ಹೆಡ್ ಕೊಟ್ಟರೆ ಫೈಲಿಗೆ ಹೋಗುತ್ತದೆ. ಗ್ರಾಮ ಸಭೆಯಲ್ಲಿ ಪೋಷಕರು ಎದ್ದು ಕೇಳಿದರೆ ನಡಾವಳಿಗೆ ಹೋಗುತ್ತದೆ. ನಮ್ಮ ಕಾಂಪೌಂಡು ಆಗಿದ್ದು ನರೇಗಾದಲ್ಲಿ, ಅದೂ ಮೂರು ಗ್ರಾಮ ಸಭೆಗಳಲ್ಲಿ ಬೇರೆ ಬೇರೆಯವರು ಅದನ್ನೇ ಕೇಳಿದ ಮೇಲೆ. ಮಕ್ಕಳ ಗ್ರಾಮ ಸಭೆಯನ್ನೂ ಹಗುರವಾಗಿ ನೋಡಬೇಡಿ. ಮಕ್ಕಳಿಗೆ ಪ್ರಶ್ನೆ ಬರೆದು ಕೊಟ್ಟು ಬಾಯಿಪಾಠ ಮಾಡಿಸುವುದು ಬಿಡಿ. ನಮ್ಮ ಆರನೇ ಕ್ಲಾಸಿನ ಹುಡುಗಿ ತಾನಾಗಿ ಎದ್ದು, “ಸಂಕದ ಒಂದು ಮರ ಲಡ್ಡಾಗಿದೆ, ನನ್ನ ತಮ್ಮ ಹೆದರ್ತಾನೆ” ಅಂದಳು. ಅಷ್ಟೇ. ಪಂಚಾಯಿತಿ ಅಧ್ಯಕ್ಷರು ಮಾರನೇ ದಿನ ಹೋಗಿ ನೋಡಿದರು.

“ಊರಿನವರ ಕಲೆ, ಕೆಲಸ ಶಾಲೆಗೆ ತರ್ಬೇಕು ಅಂತಾರೆ. ಯಕ್ಷಗಾನ ಮಾಡ್ಸಿದ್ರೆ ಆಯ್ತಾ?”

ಯಕ್ಷಗಾನ ಚೆಂದವೇ. ಆದರೆ ವಾರ್ಷಿಕೋತ್ಸವದ ಒಂದು ರಾತ್ರಿಗೆ ನಿಲ್ಲಿಸಬೇಡಿ. ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆ ಹಬ್ಬಕ್ಕೆ ಭೂಮಣ್ಣಿ ಬುಟ್ಟಿ, ಅಂದರೆ ಗದ್ದೆಗೆ ನೈವೇದ್ಯ ಒಯ್ಯುವ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣು, ಪುಂಡಿ ನಾರಿನ ಕುಂಚ. ಹಾಗೆ ಬರೆಯುವ ಒಬ್ಬ ಅಜ್ಜಿಯನ್ನು ಗಣಿತದ ಕ್ಲಾಸಿಗೆ ಕರೆದೆ. “ನಂಗೆ ಓದು ಬರಲ್ಲ, ನಾ ಯಾಕೆ?” ಅಂತ ಬಾಗಿಲಲ್ಲೇ ನಿಂತರು. ಆಮೇಲೆ ಸ್ಕೇಲು ಇಲ್ಲದೆ ಗೆರೆ ಎಳೆದು, ಚೌಕವನ್ನು ನಾಲ್ಕು ಮಾಡಿ, ನಾಲ್ಕನ್ನು ಹದಿನಾರು ಮಾಡಿದರು. ಅವರ ಮೊಮ್ಮಗಳು ಆವತ್ತು ಮುಂದಿನ ಬೆಂಚಿಗೆ ಬಂದು ಕೂತಳು.

ನಾಟಕದ ವಿಷಯಕ್ಕೆ ನಮ್ಮ ಜಿಲ್ಲೆಯಲ್ಲಿ ದೂರ ಹೋಗಬೇಕಿಲ್ಲ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಅಡಿಕೆ ತೋಟದ ನಡುವೆಯೇ ಬೆಳೆದದ್ದು. ಅಲ್ಲಿ ಕಲಿತವರು, ನಾಟಕ ಆಡಿದವರು ಸುತ್ತಲ ಊರಲ್ಲಿ ಇದ್ದೇ ಇರುತ್ತಾರೆ. ಹುಡುಕಿ, ಒಂದು ವಾರ ಮಕ್ಕಳ ಜೊತೆ ಇರಿ ಅಂತ ಕೇಳಿ.

“ಮಂಗನ ಕಾಯಿಲೆ ಸುದ್ದಿ ಬಂದ್ರೆ ಶಾಲೆ ಏನು ಮಾಡ್ಬೇಕು?”

ಇದು ನಮ್ಮ ಜಿಲ್ಲೆಯದ್ದೇ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. 2019ರಲ್ಲಿ ಸಾಗರದ ಅರಲಗೋಡು ಕಡೆ ಎಷ್ಟು ಹೆದರಿಕೆ ಇತ್ತು ಅಂತ ನೋಡಿದವರಿಗೆ ಗೊತ್ತು. ಹರಡುವುದು ಉಣುಗಿನಿಂದ (ಉಣ್ಣೆ ಹುಳ), ಚಳಿಗಾಲ ಬೇಸಿಗೆಯಲ್ಲಿ ಜಾಸ್ತಿ. ಅದೇ ಸಮಯಕ್ಕೆ ಜನ ದರಕು (ಒಣಗಿದ ಎಲೆ), ಸೌದೆ ತರಲು ಕಾಡಿಗೆ ಹೋಗುತ್ತಾರೆ, ರಜೆ ಅಂತ ಮಕ್ಕಳೂ ಜೊತೆಗೆ. ಆರೋಗ್ಯ ಇಲಾಖೆಯವರ ಕರಪತ್ರ ಮನೆಗೆ ತಲುಪಿದರೂ ಓದುವವರು ಬೇಕಲ್ಲ. ಮಕ್ಕಳ ಬಾಯಲ್ಲಿ ಮೂರು ಮಾತು ಕಳಿಸಿ: ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಹೇಳಿ, ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಿರಿ. ಜ್ವರ ಬಂದ ಮನೆಯ ಮಗುವನ್ನು ಬೇರೆಯವರು ದೂರ ಇಡುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ ಅಂತ ಹೆಡ್ ಖುದ್ದಾಗಿ ಹೇಳಬೇಕು.

“ಎಂಟೇ ಮಕ್ಕಳು. ಶಾಲೆ ಮುಚ್ಚುತ್ತಾರಂತೆ. ಊರಿನವರು ನನ್ನ ಮೇಲೇ ಸಿಟ್ಟಾಗಿದ್ದಾರೆ.”

ಅತಿ ಹೆಚ್ಚು ಬರುವ ಫೋನ್ ಇದೇ. ಮೊದಲು ಅಂಗನವಾಡಿಗೆ ಹೋಗಿ, ಮುಂದಿನ ನಾಲ್ಕು ವರ್ಷಕ್ಕೆ ಎಷ್ಟು ಮಕ್ಕಳಿವೆ ಅಂತ ಎಣಿಸಿ. ಆಮೇಲೆ ಕಾನ್ವೆಂಟಿಗೆ ಕಳಿಸುವ ಮನೆಗಳಿಗೆ ಹೋಗಿ, ಜಗಳಕ್ಕಲ್ಲ, ಕಾರಣ ಕೇಳಲು. ಇಂಗ್ಲಿಷು ಅನ್ನುತ್ತಾರೆ. ಸ್ವಲ್ಪ ಹೊತ್ತು ಕೂತರೆ ಬೇರೆ ಕಾರಣ ಬರುತ್ತದೆ: ಹಳದಿ ವ್ಯಾನು ಗೇಟಿನ ತನಕ ಬರುತ್ತದೆ. ಹಳೆ ವಿದ್ಯಾರ್ಥಿಗಳು ಸೇರಿ ಬಾಡಿಗೆ ಗಾಡಿ ಮಾಡಿಸಿದ ಕಡೆ ಮಕ್ಕಳು ವಾಪಸ್ ಬಂದದ್ದನ್ನು ನಾನು ನೋಡಿದ್ದೇನೆ.

ನಿಯಮದಲ್ಲಿ ಐದನೇ ತರಗತಿವರೆಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ನಕ್ಷೆಯ ಒಂದು ಕಿಲೋಮೀಟರ್ ಹಳ್ಳ ತುಂಬಿದಾಗ ಸುತ್ತು ಹಾಕಿ ನಾಲ್ಕಾಗುತ್ತದೆ. ಇದನ್ನು ಅಧಿಕಾರಿಗಳಿಗೆ ಬಾಯಲ್ಲಿ ಹೇಳಬೇಡಿ, ಪೋಷಕರೇ ನಡೆದು, ಫೋಟೋ ತೆಗೆದು, ಬರೆದು ಕೊಡಲಿ. ಶಾಲೆಯ ಜಾಗ ಯಾರಾದರೂ ದಾನ ಕೊಟ್ಟದ್ದಾದರೆ ಆ ಮನೆಯವರನ್ನೂ ಕರೆಯಿರಿ.

ಆದರೆ ಒಂದು ಮಾತು, ಇದಕ್ಕೆ ನನಗೆ ಬೈದವರಿದ್ದಾರೆ. ಮೂರೇ ಮಕ್ಕಳು ಉಳಿದು, ಅಂಗನವಾಡಿಯೂ ಖಾಲಿ ಇದ್ದರೆ ಹಠ ಹಿಡಿಯಬೇಡಿ. ಆಡಲು ಜೊತೆಯಿಲ್ಲದ ಮಗುವಿಗೆ ಊರಿನ ಮರ್ಯಾದೆ ಏನು ಪ್ರಯೋಜನ? ಆಗ ಗಾಡಿ ಕೇಳಿ, ಗಾಡಿ ಬಂದ ಮೇಲೆ ಒಪ್ಪಿಕೊಳ್ಳಿ. ಮೊದಲು ಒಪ್ಪಿಕೊಂಡರೆ ಗಾಡಿ ಬರುವುದಿಲ್ಲ.

“ಇಷ್ಟೆಲ್ಲ ಮಾಡಿದ ಮೇಲೆ ನಂಗೆ ವರ್ಗಾವಣೆ ಆದ್ರೆ?”

ಆಗುತ್ತದೆ. ಆ ನೋಟ್‌ಬುಕ್ ಇದೆಯಲ್ಲ, ಅದನ್ನು ಮುಂದೆ ಬರುವವರ ಕೈಗೆ ಕೊಡಿ. ಒಂದು ದಿನ ಇದ್ದು ಅವರ ಜೊತೆ ನಾಲ್ಕು ಮನೆಗೆ ಹೋಗಿ ಬನ್ನಿ. ನನ್ನದನ್ನು ಕೊಡುವಾಗ ಮೊದಲ ಪುಟ ಇನ್ನೊಮ್ಮೆ ಓದಿದೆ. “ಕೆಳಗಿನ ಮನೆ: ಬಿದಿರು ಗೇಟು. ನಾಯಿ ಕಟ್ಟಲ್ಲ, ಹೆಸರು ಕರಿಯ, ಹೆಸರು ಕರೆದರೆ ಸುಮ್ಮನಾಗುತ್ತೆ.” ಆ ಹೊತ್ತಿಗೆ ಕರಿಯ ಸತ್ತು ಎರಡು ವರ್ಷ ಆಗಿತ್ತು. ಆ ಹೆಸರಿನ ಮೇಲೆ ಗೆರೆ ಎಳೆದು, ಹೊಸ ನಾಯಿಯ ಹೆಸರು ಬರೆದು ಕೊಟ್ಟೆ.